ನೋಡದೆ ಉಳಿದ ಒಂದು ಗೇಣು

ಉಪಗ್ರಹವೊಂದು ಆಕಾಶಕ್ಕೆ ಏರಿದ ಮರುದಿನ ಪತ್ರಿಕೆಗಳಲ್ಲಿ ಅದನ್ನು ಏರಿಸಿದ ಹಿರಿಯರ ಹೆಸರುಗಳು ಬರುತ್ತವೆ. ಅದರ ಹೊಟ್ಟೆಯೊಳಗೆ ಸುತ್ತಿಕೊಂಡಿರುವ ಸಾವಿರಾರು ವಯರುಗಳನ್ನು ಒಂದೊಂದಾಗಿ ಭೂತಗನ್ನಡಿಯಲ್ಲಿ ನೋಡಿ, ಇದು ಸರಿಯಿದೆ ಎಂದು ಸಹಿ ಹಾಕಿದವರ ಹೆಸರು ಎಲ್ಲಿಯೂ ಬರುವುದಿಲ್ಲ. ಸರ್ಕಾರದ ಬಾಹ್ಯಾಕಾಶ ಸಂಸ್ಥೆಯ ಗುಣಮಟ್ಟ ವಿಭಾಗದಲ್ಲಿ ಮೂವತ್ತಾರು ವರ್ಷ ಆ ಸಹಿಯ ಭಾರವನ್ನು ಹೊತ್ತು, ಈ ಮೇ ತಿಂಗಳ ಕೊನೆಯಲ್ಲಿ ನಿವೃತ್ತರಾದ ಶ್ರೀಮತಿ ಅನಂತಮತಿಯವರು ಹಾಗೆ ಹೆಸರು ಬಾರದವರಲ್ಲಿ ಒಬ್ಬರು. ಆದರೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಕಡೆಯ ಸಣ್ಣ ಸಣ್ಣ ಕೆಲಸದ ಶೆಡ್ಡುಗಳಲ್ಲಿ ಅವರ ಹೆಸರು ಹೇಳಿದರೆ ಕುಳಿತವರು ಎದ್ದು ನಿಲ್ಲುತ್ತಾರೆ. ಸಂಸ್ಥೆಯ ದೊಡ್ಡ ವಿದ್ಯೆಯನ್ನು ಸಣ್ಣ ಉದ್ದಿಮೆಗಳ ಕೈಗೆ ತಲುಪಿಸಬೇಕು, ಆ ಕೈಗಳ ಜಾಣ್ಮೆಯನ್ನು ಸಂಸ್ಥೆಗೂ ತಲುಪಿಸಬೇಕು ಎಂಬ ಯೋಜನೆ ಕಾಗದದ ಮೇಲೆ ಬಂದಾಗ, ಅದನ್ನು ಕಾಗದದಿಂದ ಕೆಳಗಿಳಿಸಿ ನಮ್ಮ ನೆಲದ ಮೇಲೆ ಕೂರಿಸಿದವರು ಅವರು. ಕೂರಿಸಿದರು ಎಂಬ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸಿಲ್ಲ. ಅದರ ಕಥೆ ಮುಂದೆ ಬರುತ್ತದೆ.

ಅನಂತಮತಿಯವರು ಹುಟ್ಟಿ ಬೆಳೆದದ್ದು ಮೂಡುಬಿದಿರೆಯಲ್ಲಿ, ಒಂದು ಜೈನ ಮನೆತನದಲ್ಲಿ. ತಂದೆಯವರದು ಪೇಟೆಯಲ್ಲಿ ಜವಳಿ ಅಂಗಡಿ. ಗಿರಾಕಿ ಸೀರೆ ಆರಿಸಿ ಕಟ್ಟಲು ಕೊಟ್ಟ ಮೇಲೂ ಆ ಹಿರಿಯರು ಅದನ್ನು ಮತ್ತೊಮ್ಮೆ ಬಿಚ್ಚಿ, "ಇಲ್ಲಿ ಒಂದು ನೂಲು ಹೋಗಿದೆ, ನೋಡಿಕೊಂಡು ತಕೊಳ್ಳಿ" ಎಂದು ಬೆರಳಿಟ್ಟು ತೋರಿಸುತ್ತಿದ್ದರಂತೆ. ಹಾಗೆ ತೋರಿಸಿದ್ದರಿಂದ ಎಷ್ಟು ಸೀರೆ ಮಾರಾಟವಾಗದೆ ಉಳಿಯಿತೋ ಗೊತ್ತಿಲ್ಲ. ಗಲ್ಲದ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕುಳಿತಿರುತ್ತಿದ್ದ ಮಗಳಿಗೆ ಮಾತ್ರ ಆ ಬೆರಳು ಕಣ್ಣಿನಲ್ಲಿ ಉಳಿಯಿತು. ಕನ್ನಡ ಶಾಲೆಯಲ್ಲಿ ಓದಿ, ಇಂಜಿನಿಯರಿಂಗ್ ಮುಗಿಸಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಬೆಂಗಳೂರಿಗೆ ಹೋಗಿ ಸಂಸ್ಥೆಗೆ ಸೇರಿದರು. ಮೊದಲ ದಿನ ಕೈಗೆ ಕೊಟ್ಟ ಭೂತಗನ್ನಡಿಗೆ ಕಪ್ಪು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡರು. ದಾರ ಹಲವು ಸಲ ಬದಲಾಯಿತು, ಗಾಜು ಕೊನೆಯವರೆಗೂ ಅದೇ.

ಹನ್ನೊಂದು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಸಣ್ಣ ಉದ್ದಿಮೆದಾರರ ಒಂದು ಸಭೆ ನಡೆಯಿತು. ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ ಪಂಪಿನ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ನಡೆಸುತ್ತಿದ್ದ ಶುಭಶ್ರೀ ಆ ಸಭೆಯ ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ಮುಂದಿನ ಸಾಲಿನವರು ತಮ್ಮ ತಮ್ಮ ಯಂತ್ರಗಳ ಪಟ್ಟಿ ಓದುತ್ತಿದ್ದರು. ಓದಲು ತನ್ನ ಬಳಿ ಪಟ್ಟಿಯೇ ಇಲ್ಲವಲ್ಲ ಎಂದು ಅವಳು ಮೆಲ್ಲನೆ ಎದ್ದು ಹೊರಟಾಗ ಬಾಗಿಲಲ್ಲಿ ಅನಂತಮತಿಯವರು ತಡೆದರು.

"ಲಾಯಿಲದವರಾ? ನಿಮ್ಮಲ್ಲಿ ಬೀಡಿ ಕಟ್ಟುವವರು ಎಷ್ಟು ಜನ ಇದ್ದಾರೆ?"

ಉಪಗ್ರಹಕ್ಕೂ ಬೀಡಿಗೂ ಏನು ಸಂಬಂಧವೆಂದು ಶುಭಶ್ರೀಗೆ ತಿಳಿಯಲಿಲ್ಲ. "ಮನೆಗೆ ಒಬ್ಬರಾದರೂ ಇದ್ದಾರೆ ಮೇಡಂ. ಎಂತಕ್ಕೆ?"

"ನನಗೆ ಯಂತ್ರ ಬೇಡ. ಬೆರಳು ಬೇಕು. ಒಮ್ಮೆ ಬಂದು ನೋಡ್ತೇನೆ."

ಕೆಲಸ ಇಂಥದ್ದು: ಉಪಗ್ರಹದ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವ ಹತ್ತಾರು ವಯರುಗಳನ್ನು ಒಟ್ಟು ಸೇರಿಸಿ, ಮೇಣ ಸವರಿದ ಚಪ್ಪಟೆ ದಾರದಿಂದ ಹೆಬ್ಬೆರಳ ಅಗಲಕ್ಕೆ ಒಂದರಂತೆ ಗಂಟು ಹಾಕಿ ಕಟ್ಟಬೇಕು. ಗಂಟು ಬಿಗಿಯಾದರೆ ವಯರಿನ ಹೊದಿಕೆ ನೋಯುತ್ತದೆ, ಸಡಿಲವಾದರೆ ರಾಕೆಟ್ಟಿನ ನಡುಕಕ್ಕೆ ಜಾರುತ್ತದೆ. ಆ ನಡುವಿನ ಹದವನ್ನು ಯಂತ್ರ ಕಲಿಯುವುದು ಕಷ್ಟ. ದಿನಕ್ಕೆ ಸಾವಿರ ಬೀಡಿಗೆ ಸಾವಿರ ಸಲ ನೂಲು ಸುತ್ತಿದ ಬೆರಳಿಗೆ ಅದು ಮೊದಲೇ ಗೊತ್ತಿರುತ್ತದೆ ಎಂಬುದು ಅನಂತಮತಿಯವರ ನಂಬಿಕೆಯಾಗಿತ್ತು. ಅವರ ವಿಭಾಗದಲ್ಲಿ ಈ ನಂಬಿಕೆಗೆ ನಕ್ಕವರೂ ಇದ್ದರು.

ಕಟ್ಟಿದ ಬೀಡಿಗಳನ್ನು ಪರೀಕ್ಷಿಸಿ ಕೊಳ್ಳುತ್ತಿದ್ದ, ಈಗ ಮುಚ್ಚಿಹೋಗಿದ್ದ ಲಾಯಿಲದ ಬೀಡಿ ಬ್ರಾಂಚಿನ ಕಟ್ಟಡವನ್ನೇ ಶುಭಶ್ರೀ ಬಾಡಿಗೆಗೆ ಹಿಡಿದಳು. ಆ ಬ್ರಾಂಚಿನಲ್ಲಿ ಇಪ್ಪತ್ತು ವರ್ಷ ಚೆಕ್ಕರ್ ಆಗಿದ್ದ ಮುಂಡಪ್ಪಣ್ಣ ಬೀಗದ ಕೈ ಸಮೇತ ಬಂದು ಪ್ಯಾಕಿಂಗ್ ಕೆಲಸಕ್ಕೆ ಸೇರಿಕೊಂಡರು. ಒಂದು ಕಾಲಕ್ಕೆ ಅವರ ಮುಂದೆ ಬೀಡಿಯ ಕಟ್ಟುಗಳನ್ನು ಇಟ್ಟು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ ಹೆಂಗಸರೇ ಹದಿನಾಲ್ಕು ಮಂದಿ, ಒಳಗೆ ಬಿಳಿ ಕೋಟು ಹಾಕಿ ಕುಳಿತರು. ಬಳೆ ಬಿಚ್ಚಬೇಕು, ಮಲ್ಲಿಗೆ ಮುಡಿಯಬಾರದು, ತಲೆಯ ತೆಂಗಿನೆಣ್ಣೆ ಕೈಗೆ ತಾಗಬಾರದು. ಮೈಯ ವಿದ್ಯುತ್ತು ವಯರಿಗೆ ಹಾಯದಂತೆ ಮಣಿಕಟ್ಟಿಗೆ ಒಂದು ಪಟ್ಟಿ ಬಿಗಿದು, ಅದರ ತುದಿಯನ್ನು ಮೇಜಿಗೆ ಸಿಕ್ಕಿಸಿಕೊಳ್ಳಬೇಕು. ಗುಂಪಿನಲ್ಲಿ ಹಿರಿಯರಾದ ಪಾತುಮ್ಮ ಮೊದಲ ದಿನವೇ ಕೈ ಎತ್ತಿ ತೋರಿಸಿದರು: "ಹಟ್ಟಿಯಲ್ಲಿ ದನ ಕಟ್ಟಿದ ಹಾಗೆ ಕಟ್ಟಿದ್ದೀರಲ್ಲ ಮೇಡಂ, ಹುಲ್ಲು ಯಾವಾಗ ಹಾಕ್ತೀರಿ?"

ನಕ್ಕವರಲ್ಲಿ ಅನಂತಮತಿಯವರೇ ಮೊದಲಿಗರು.

ಆದರೆ ಮೊದಲ ತಿಂಗಳು ಕೆಲಸ ಕೈಗೆ ಹತ್ತಲಿಲ್ಲ. ಗಂಟುಗಳು ವಕ್ರವಾದವು, ಹೆಗಲು ನೋಯತೊಡಗಿತು. ಮಾದರಿ ಕಟ್ಟುಗಳು ಬೆಂಗಳೂರಿನಿಂದ ಕೆಂಪು ಚೀಟಿ ಅಂಟಿಸಿಕೊಂಡು ಮರಳಿದವು. ಅನಂತಮತಿಯವರು ಮತ್ತೊಮ್ಮೆ ಬಂದರು, ಬೈಯಲಿಲ್ಲ. "ಇವತ್ತು ವಯರು ಬೇಡ. ಎಲ್ಲರೂ ಬೀಡಿ ಕಟ್ಟುವ, ನಾನೂ ಕೂತುಕೊಳ್ತೇನೆ" ಎಂದು ನೆಲದ ಮೇಲೆ ಕಾಲು ಚಾಚಿ ಕುಳಿತೇಬಿಟ್ಟರು. ಹೆಂಗಸರು ಅಭ್ಯಾಸದಂತೆ ಬೆತ್ತದ ಮೊರವನ್ನು, ನಾವು ತಡ್ಪೆ ಎನ್ನುವುದನ್ನು, ತೊಡೆಯ ಮೇಲಿಟ್ಟು ಮೊಣಕೈಯನ್ನು ಮಂಡಿಗೆ ಆನಿಸಿಕೊಂಡರು. ಒಂದು ಗಂಟೆ ಅನಂತಮತಿಯವರು ಬರಿದೆ ನೋಡುತ್ತ ಕುಳಿತರು. ಈ ಬೆರಳುಗಳ ಹದ ಬೆರಳಲ್ಲಿ ಮಾತ್ರ ಇಲ್ಲ, ಮಂಡಿಗೆ ಆನಿಸಿದ ಮೊಣಕೈಯಲ್ಲಿದೆ ಎಂಬುದು ಅವರಿಗೆ ಹೊಳೆದದ್ದು ಆಗ. ಕುರ್ಚಿ ಮೇಜು ಕಡ್ಡಾಯವೆಂಬ ಸಂಸ್ಥೆಯ ನಿಯಮದ ಮುಂದೆ ಅವರು ಮೂರು ಪುಟದ ಟಿಪ್ಪಣಿ ಬರೆದು, ಚಿತ್ರಗಳನ್ನು ಇಟ್ಟು, ಎಂಟು ವಾರ ಅದರ ಹಿಂದೆ ಓಡಾಡಿ ಒಪ್ಪಿಗೆ ತಂದರು. ತಗ್ಗು ಜಗಲಿಗಳು ಬಂದವು. ವಿದ್ಯುತ್ತು ನಿಲ್ಲದ ಹಾಳೆಯಿಂದ, ತಡ್ಪೆಯ ಬಾಗಿನಲ್ಲೇ, ವಯರಿನ ಕಟ್ಟನ್ನು ಹಿಡಿದುಕೊಳ್ಳುವ ಹಲ್ಲುಗಳಿರುವ ಒಂದು ತಟ್ಟೆಯನ್ನು ಶುಭಶ್ರೀ ಮಾಡಿದಳು. ಆ ತಟ್ಟೆ ಈಗ ಬೇರೆ ಊರುಗಳ ಘಟಕಗಳಲ್ಲೂ ಇದೆ. ಸಂಸ್ಥೆಯ ಕಾಗದಗಳಲ್ಲಿ ಅದಕ್ಕೊಂದು ಉದ್ದದ ಹೆಸರುಂಟಂತೆ; ನಾವು ತಡ್ಪೆ ಎಂದೇ ಕರೆಯುತ್ತೇವೆ.

ಇದೇ ಕಾಲದಲ್ಲಿ ಪಾತುಮ್ಮ ಕಣ್ಣಿನ ಪರೀಕ್ಷೆಯಲ್ಲಿ ಸೋತರು. ಅವರು ಗಂಟುಗಳನ್ನು ಎಣಿಸುತ್ತಿದ್ದುದು ಕಣ್ಣಿನಿಂದಲ್ಲ, ಬೆರಳಿನಿಂದ ಎಂದು ಅಷ್ಟು ದಿನ ಯಾರಿಗೂ ತಿಳಿದಿರಲಿಲ್ಲ. ಅನಂತಮತಿಯವರು ನಿಯಮ ಸಡಿಲಿಸಲಿಲ್ಲ. ಬಂಟ್ವಾಳದ ಬಿ.ಸಿ. ರೋಡಿನ ಕಣ್ಣಿನ ವೈದ್ಯರಲ್ಲಿಗೆ ತಾವೇ ಜೊತೆಯಾಗಿ ಹೋಗಿ, ಕನ್ನಡಕ ಬರುವವರೆಗೆ ಅವರ ಜಾಗವನ್ನು ಬೇರೆಯವರಿಗೆ ಕೊಡದಂತೆ ಶುಭಶ್ರೀಗೆ ಹೇಳಿದರು. ಕನ್ನಡಕ ಹಾಕಿಕೊಂಡು ಮೊದಲ ದಿನ ಬಂದ ಪಾತುಮ್ಮ ಹೇಳಿದ ಮಾತು ಇಂದಿಗೂ ಶೆಡ್ಡಿನಲ್ಲಿ ನಗೆಯ ಸರಕು: "ಇಷ್ಟು ವರ್ಷ ನಮ್ಮ ಯಜಮಾನರ ಮುಖ ಸರಿ ನೋಡಿಯೇ ಇರಲಿಲ್ಲ ಮೇಡಂ. ನೋಡದಿದ್ದದ್ದೇ ಒಳ್ಳೆದಿತ್ತು."

ತಪಾಸಣೆಗೆ ಬರುವಾಗಲೆಲ್ಲ ಅನಂತಮತಿಯವರು ಮೂಡುಬಿದಿರೆಯಲ್ಲಿ ತಮ್ಮನಾದ ರವಿರಾಜರ ಮನೆಯಲ್ಲಿ ಉಳಿದು, ಬೆಳಿಗ್ಗೆ ವೇಣೂರಿನ ಮೇಲಾಗಿ ಬರುವ ಬಸ್ಸಿನಲ್ಲಿ ಬಂದಿಳಿಯುತ್ತಿದ್ದರು. ಸೂರ್ಯ ಮುಳುಗಿದ ಮೇಲೆ ಅವರು ಊಟ ಮಾಡುವುದಿಲ್ಲ. ಅದು ಅವರ ಮನೆತನದ ವ್ರತ. ಹಾಗಾಗಿ ಘಟಕದ ಅಡಿಗೆ ನೋಡಿಕೊಳ್ಳುವ ಸುಬ್ಬಮ್ಮ ಆ ದಿನ ನೀರುಳ್ಳಿ, ಬಟಾಟೆ ಇಲ್ಲದೆ, ತೊಂಡೆಕಾಯಿ ಪಲ್ಯ, ಹೆಸರುಬೇಳೆಯ ತೊವ್ವೆ, ಬಾಳೆಕಾಯಿಯ ಹುಳಿ ಮಾಡಿ ಐದೂವರೆಗೆ ಎಲೆ ಹಾಕಿ ಕಾಯುತ್ತಿದ್ದರು. ಸುಬ್ಬಮ್ಮನ ಕಾಯುವಿಕೆ ಎಂದರೆ ಸುಮ್ಮನೆ ಕಾಯುವುದಲ್ಲ. ಐದು ನಿಮಿಷಕ್ಕೊಮ್ಮೆ ಗಾಜಿನ ಕಿಟಕಿಯ ಹೊರಗೆ ಬಂದು ನಿಂತು, ಆಕಾಶ ನೋಡಿ, ಒಳಗೆ ನೋಡಿ, ಸೌಟನ್ನು ಕಿಟಕಿಗೆ ಕುಟ್ಟುವುದು.

ಮೂರು ಸುತ್ತಿನ ಮಾದರಿಗಳು ಪಾಸಾಗಿ, ನಿಜವಾಗಿಯೂ ಮೇಲೆ ಹಾರುವ ಮೊದಲ ಕಟ್ಟಿನ ಕೆಲಸ ಲಾಯಿಲಕ್ಕೆ ಬಂದದ್ದು ಎಂಟು ವರ್ಷಗಳ ಹಿಂದೆ. ನಲವತ್ತೆರಡು ವಯರುಗಳ, ಎರಡು ಮೀಟರ್ ಉದ್ದದ ಕಟ್ಟು. ಅದರ ಕೊನೆಯ ಭಾಗವನ್ನು ಕಟ್ಟಿದವಳು ಜುಲೈಕಾ. ಎರಡು ಮಕ್ಕಳ ತಾಯಿ. ಹದಿನೈದನೆಯ ವಯಸ್ಸಿನಿಂದ ಬೀಡಿ ಕಟ್ಟಿದವಳು. ಹದಿನಾಲ್ಕು ಮಂದಿಯಲ್ಲಿ ಅವಳದೇ ಅತ್ಯಂತ ಚಂದದ ಕೈ. ಅವಳ ಮಗಳು ಆಗಲೇ ಶಾಲೆಯಲ್ಲಿ, ನನ್ನ ಉಮ್ಮ ಕಟ್ಟಿದ್ದು ಆಕಾಶಕ್ಕೆ ಹೋಗುತ್ತದೆ ಎಂದು ಸಾರಿ ಬಂದಿದ್ದಳು.

ತಪಾಸಣೆಯ ಹಿಂದಿನ ದಿನ, ಎಲ್ಲ ವಯರುಗಳ ಪರೀಕ್ಷೆ ಮುಗಿದು ಅಂಕಿಗಳು ದಾಖಲಾದ ಮೇಲೆ, ಜುಲೈಕಾ ಕೊನೆಯ ಗಂಟಿನ ದಾರದ ತುದಿಯನ್ನು ಕತ್ತರಿಸಿದಳು. ಕತ್ತರಿಯ ಮೂಗು, ಕೊನೆಯ ಒಂದು ಗೇಣಿನಲ್ಲಷ್ಟೇ ಇರುವ ಗಿಡ್ಡ ಬಿಳಿ ವಯರೊಂದಕ್ಕೆ ತಾಗಿ, ಹೊದಿಕೆಯ ಮೇಲೆ ಕೂದಲೆಳೆಯಷ್ಟು ಗೀರು ಬಿತ್ತು.

ಇಲ್ಲಿ ಬೀಡಿಯ ಬ್ರಾಂಚಿನ ಒಂದು ಪದ್ಧತಿಯನ್ನು ಹೇಳಬೇಕು. ಕಟ್ಟಿನಲ್ಲಿ ಒಂದು ಬೀಡಿ ಕೆಟ್ಟಿದ್ದು ಕಂಡರೆ ಜಾಣ ಹೆಂಗಸು ಅದನ್ನು ಚೆಕ್ಕರ್ ನೋಡುವ ಮೊದಲೇ ಎಳೆದು ತೆಗೆದು, ಸೊಂಟದಲ್ಲಿ ಇಟ್ಟುಕೊಂಡ ಒಳ್ಳೆಯ ಬೀಡಿಯನ್ನು ಸೇರಿಸಿಬಿಡುತ್ತಾಳೆ. ಇದು ಮೋಸವೆಂದು ಯಾರೂ ಎಣಿಸುವುದಿಲ್ಲ. ತನ್ನ ತಪ್ಪನ್ನು ತಾನೇ ತಿದ್ದಿಕೊಂಡವಳು ಎಂದು ಹೊಗಳುತ್ತಾರೆ. ಜುಲೈಕಾ ಮಾಡಿದ್ದೂ ಅದೇ. ಗೀರು ಬಿದ್ದ ವಯರನ್ನು ಎಳೆದು ತೆಗೆದು, ಅದೇ ಜಾತಿಯ ಹೊಸ ವಯರನ್ನು ಬೇರೆ ಸುರುಳಿಯಿಂದ ತಂದು ಪೋಣಿಸಿ, ತುದಿಗೆ ಪಿನ್ನು ಕೂಡಿಸಿ, ಕಟ್ಟಿನ ತುದಿಯ ಕನೆಕ್ಟರಿಗೆ ಸಿಕ್ಕಿಸಿ, ಅದಕ್ಕಾಗಿ ಬಿಚ್ಚಿದ್ದ ಗಂಟುಗಳನ್ನೆಲ್ಲ ಹೊಸ ದಾರದಲ್ಲಿ ಮತ್ತೆ ಹಾಕಿದಳು. ಯಾರಿಗೂ ತೊಂದರೆ ಕೊಡದೆ ಮುಗಿಸಿದೆನಲ್ಲ ಎಂದು ಅವಳಿಗೆ ಸಮಾಧಾನವೇ ಆಯಿತು. ಮರುದಿನ ಅನಂತಮತಿಯವರು ದಿನವಿಡೀ ನೋಡಿ, ಸಂಜೆ ಮೊಹರು ಒತ್ತಿ, ಸುಬ್ಬಮ್ಮನ ಊಟ ಮಾಡಿ, ಕಟ್ಟನ್ನು ಪೆಟ್ಟಿಗೆಯಲ್ಲಿ ಇಡಿಸಿಕೊಂಡು ಹೋದರು.

ತಿಂಗಳ ನಂತರ ಅವರು ಪಾಠ ಮಾಡಲು ಬಂದರು. ದಾಖಲೆ ಯಾಕೆ ಎಂಬ ಪಾಠ. "ಪರೀಕ್ಷೆ ಆದ ವಯರೇ ಮೇಲೆ ಹೋಗಬೇಕು. ಒಳ್ಳೆ ವಯರು ಬೇರೆ, ಪರೀಕ್ಷೆ ಆದ ವಯರು ಬೇರೆ. ಮೇಲೆ ಹೋದ ಮೇಲೆ ಬಿಚ್ಚಿ ನೋಡ್ಲಿಕ್ಕೆ ಯಾರೂ ಹೋಗುವುದಿಲ್ಲ" ಎಂದರು. ಜುಲೈಕಾ ಕೈಯಲ್ಲಿದ್ದ ದಾರವನ್ನು ತಡ್ಪೆಯ ಮೇಲೆ ಇಟ್ಟುಬಿಟ್ಟಳು.

ಮಧ್ಯಾಹ್ನ ಅವಳು ಪಾತುಮ್ಮನ ಬಳಿ ಹೇಳಿಕೊಂಡಳು.

"ಸುಮ್ಮನೆ ಕೂತುಕೋ" ಎಂದರು ಪಾತುಮ್ಮ. "ಬ್ರಾಂಚಿನಲ್ಲಿ ಎಷ್ಟು ಬದಲು ಮಾಡ್ಲಿಲ್ಲ ನಾವು? ಮುಂಡಪ್ಪನಿಗೆ ಇವತ್ತಿಗೂ ಗೊತ್ತಿಲ್ಲ."

"ಬೀಡಿ ಕೆಟ್ಟರೆ ಸೇದುವವ ಬಿಸಾಡ್ತಾನೆ ಪಾತುಮ್ಮಾ. ಇದನ್ನು ಅಲ್ಲಿ ಯಾರು ಬಿಸಾಡುವುದು?"

"ಹೇಳಿದರೆ ನಮ್ಮ ಹದಿನಾಲ್ಕು ಜನರ ಕೆಲಸ ಹೋಗ್ತದೆ, ಗೊತ್ತುಂಟಲ್ಲ?"

"ಗೊತ್ತುಂಟು."

ಪಾತುಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರಸಿ, ಮತ್ತೆ ಹಾಕಿಕೊಂಡು ಅವಳ ಮುಖವನ್ನು ಒಂದು ಗಳಿಗೆ ನೋಡಿದರು. "ಹಾಗಾದ್ರೆ ಹೋಗು. ಅವರು ಬುತ್ತಿ ಪಾತ್ರೆ ತೊಳೀತಾ ಇದ್ದಾರೆ."

ಹಿತ್ತಿಲ ನೀರಿನ ನಳ್ಳಿಯ ಬಳಿ ಜುಲೈಕಾ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಅನಂತಮತಿಯವರ ಕೈ ನೀರಿನ ಕೆಳಗೆ ಹಾಗೆಯೇ ನಿಂತಿತು.

"ಯಾವ ಕಡೆ?" ಎಂದು ಕೇಳಿದರು.

"ಕೊನೆಯಲ್ಲಿ ಮೇಡಂ. ಕನೆಕ್ಟರಿನ ಹತ್ತಿರ. ಗಂಟು ಬಿಚ್ಚಿ ಪುನಃ ಹಾಕಿದ್ದು ಅಲ್ಲೇ ಒಂದು ಗೇಣಿನಲ್ಲಿ."

ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು. ನಳ್ಳಿ ಹರಿಯುತ್ತಲೇ ಇತ್ತು. ಜುಲೈಕಾಳೇ ನಿಲ್ಲಿಸಿದಳು.

"ಬೈಯಿರಿ ಮೇಡಂ."

"ಬೈಯುವುದು ಎಂತಕ್ಕೆ? ಹೇಳಿದೆಯಲ್ಲ." ಕೈ ಒರಸಿಕೊಂಡು ಎದ್ದು, "ಮೂಡುಬಿದಿರೆಗೆ ಮುಂದಿನ ಬಸ್ಸು ಎಷ್ಟು ಗಂಟೆಗೆ?" ಎಂದರು.

ಹೊರಡುವ ಮೊದಲು ಅವರು ಶುಭಶ್ರೀಯನ್ನು ಕರೆದರು. ಕಟ್ಟು ಆಗಲೇ ಉಪಗ್ರಹದ ಒಳಗೆ ಕೂತಿದೆ, ಅದನ್ನು ಹೊರಗೆ ತೆಗೆಸಬೇಕು, ತೆಗೆಸಿದರೆ ಈ ಘಟಕದ ಮಾನ್ಯತೆ ಹೋಗಬಹುದು ಎಂದರು. ಶುಭಶ್ರೀ ಕಣ್ಣು ತುಂಬಿಕೊಂಡು ಕೇಳಿದಳು: "ವಯರು ಒಳ್ಳೆದೇ ಉಂಟಲ್ಲ ಮೇಡಂ?"

"ಒಳ್ಳೆದಿರಬಹುದು. ನಮಗೆ ಗೊತ್ತಿಲ್ಲ, ಅಷ್ಟೇ. ಗೊತ್ತಿಲ್ಲದ್ದಕ್ಕೆ ನಾನು ಸಹಿ ಹಾಕಿದ್ದೇನೆ."

ಕಟ್ಟನ್ನು ಬಿಚ್ಚಿ ತೆಗೆದರು. ಬೆಂಗಳೂರಿನಲ್ಲಿ ಎರಡು ವಾರದ ಕೆಲಸ ಹಿಂದೆ ಬಿತ್ತು. ಬೀಡಿಯವರನ್ನು ನಂಬಿದ್ದೇ ತಪ್ಪು ಎಂದು ಮೊದಲು ನಕ್ಕವರು ಈಗ ನಗದೆ ಹೇಳಿದರು. ಲಾಯಿಲದ ಕೆಲಸ ನಿಂತಿತು. ಹೆಂಗಸರು ಮತ್ತೆ ಮನೆಯ ಜಗಲಿಯಲ್ಲಿ ಬೀಡಿಯ ತಡ್ಪೆ ಹಿಡಿದರು. ಜುಲೈಕಾ ಮಾತ್ರ ದಿನವೂ ಶೆಡ್ಡಿಗೆ ಬಂದು ನೆಲ ಒರಸಿ, ತಗ್ಗು ಜಗಲಿಗಳ ಧೂಳು ತೆಗೆದು ಹೋಗುತ್ತಿದ್ದಳು. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಯಾರೂ ಅವಳನ್ನು ಬೈದಿರಲೂ ಇಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಗಿತ್ತು.

ವಿಚಾರಣೆಯ ಸಭೆಗೆ ಶುಭಶ್ರೀ ಹೋಗಿ ಬಾಗಿಲ ಹೊರಗೆ ಕುಳಿತಿದ್ದಳು. ಒಳಗೆ ಅನಂತಮತಿಯವರು ಒಂದು ಪುಟವನ್ನು ಓದಿದರಂತೆ. "ತಪ್ಪು ನನ್ನದು" ಎಂಬುದು ಅದರ ಮೊದಲ ವಾಕ್ಯವೆಂದು ಹೊರಗೆ ಬಂದವರೊಬ್ಬರು ಹೇಳಿದರು. ಅಷ್ಟನ್ನೇ ಅವಳು ಲಾಯಿಲಕ್ಕೆ ತಂದಳು. ಬಿಚ್ಚಿದ ಕಟ್ಟಿನ ಆ ವಯರನ್ನು ಪರೀಕ್ಷಿಸಿದಾಗ ಅದು ಸರಿಯಾಗಿಯೇ ಇತ್ತು. ಏಳು ತಿಂಗಳ ಮೇಲೆ ಮಾನ್ಯತೆ ಮರಳಿ ಬಂತು. ಆ ವರ್ಷ ಅನಂತಮತಿಯವರಿಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ ಎಂಬ ಸುದ್ದಿಯೂ ಹಿಂದೆಯೇ ಬಂತು. ನಮ್ಮ ತಪ್ಪನ್ನು ಆ ತಾಯಿ ತನ್ನ ತಲೆಯ ಮೇಲೆ ಎಳೆದುಕೊಂಡರು ಎಂದು ಹದಿನಾಲ್ಕು ಮನೆಗಳಲ್ಲೂ ಹೇಳಿಕೊಂಡರು. ಅಂದಿನಿಂದ ಅವರು ಮೇಡಂ ಅಲ್ಲ, ಅಕ್ಕ. ಪ್ರತಿ ಹಬ್ಬಕ್ಕೂ ಜುಲೈಕಾಳ ಮನೆಯಿಂದ ಮೂಡುಬಿದಿರೆಯ ರವಿರಾಜರ ಮನೆಗೆ ಒಂದು ಬುಟ್ಟಿ ಹಣ್ಣು ಹೋಗತೊಡಗಿತು. ಎಷ್ಟು ಕೊಟ್ಟು ಬಂದರೂ ಹೊರೆ ಇಳಿಯುವುದಿಲ್ಲ ಎಂದು ಅವಳು ಒಮ್ಮೆ ಪಾತುಮ್ಮನಲ್ಲಿ ಹೇಳಿದ್ದಳು.

ಮಾನ್ಯತೆಯ ಜೊತೆಗೆ ಅನಂತಮತಿಯವರು ಒಂದು ದಪ್ಪ ರಟ್ಟಿನ ಪುಸ್ತಕವನ್ನೂ ತಂದರು. ಹೇಳುವ ಪುಸ್ತಕ ಎಂದು ಅದಕ್ಕೆ ಹೆಸರಾಯಿತು. ಏನೇ ಆಗಲಿ, ಮೊದಲು ಅದರಲ್ಲಿ ಬರೆಯಬೇಕು. ಬರೆದವರನ್ನು ಆ ದಿನ ಯಾರೂ ಬೈಯಬಾರದು. ಮೊದಲ ಪುಟ ಜುಲೈಕಾಳದು. ಆಮೇಲೆ ಪುಟಗಳು ತಾನಾಗಿ ತುಂಬಿದವು. "ಕತ್ತರಿ ಬಿತ್ತು. ವಯರಿಗೆ ತಾಗಲಿಲ್ಲ ಎಂದು ಕಾಣುತ್ತದೆ. ನೋಡಿ." "ಮಗುವಿಗೆ ಜ್ವರ, ನನ್ನ ಮನಸ್ಸು ಇಲ್ಲಿಲ್ಲ. ಇವತ್ತು ನಾನು ಕಟ್ಟಿದ್ದನ್ನು ಎರಡು ಸಲ ನೋಡಿ." ಸುಬ್ಬಮ್ಮ ಕೂಡ ಒಂದು ದಿನ ಪೆನ್ನು ಕೇಳಿ ಪಡೆದು ಬರೆದರು: "ಸಾರಿಗೆ ಉಪ್ಪು ಎರಡು ಸಲ ಹಾಕಿದೆ." ಅನಂತಮತಿಯವರು ಅದರ ಕೆಳಗೂ ಗಂಭೀರವಾಗಿ, ನೋಡಿದೆ ಎಂದು ಸಹಿ ಹಾಕಿದರು. ಪೊಳಲಿಯ ಹತ್ತಿರ ಅಲ್ಯೂಮಿನಿಯಂ ಭಾಗಗಳನ್ನು ಕಡೆಯುವ ವರ್ಕ್‌ಶಾಪಿನಲ್ಲಿ, ಬೆಳುವಾಯಿಯ ರಬ್ಬರ್ ಸೀಲಿನ ಘಟಕದಲ್ಲಿ, ಹೀಗೆ ಅವರು ಕೈಹಿಡಿದು ನಡೆಸಿದ ಕಡೆಯಲ್ಲೆಲ್ಲ ಇಂದು ಅಂಥ ಒಂದು ಪುಸ್ತಕ ಬಾಗಿಲ ಪಕ್ಕದಲ್ಲಿ ತೂಗುತ್ತದೆ. ಲಾಯಿಲದಲ್ಲಿ ಕಟ್ಟಿದ ವಯರುಗಳು ಈಗ ಹನ್ನೊಂದು ಉಪಗ್ರಹಗಳಲ್ಲಿ ಮೇಲೆ ತಿರುಗುತ್ತಿವೆ.

ಒಂದು ಸಂಗತಿ ಮಾತ್ರ ಸುಬ್ಬಮ್ಮನನ್ನು ಕೊರೆಯುತ್ತಿತ್ತು. ಆ ಘಟನೆಯ ಮೇಲೆ ಅನಂತಮತಿಯವರು ತಪಾಸಣೆಯ ದಿನ ಸೌಟಿನ ಸದ್ದಿಗೆ ಏಳುವುದನ್ನೇ ಬಿಟ್ಟರು. ಕೆಲಸ ಮುಗಿಯುವ ಮೊದಲು ಸೂರ್ಯ ಮುಳುಗಿದರೆ ಎಲೆಯ ಕಡೆಗೆ ನೋಡದೆ, ಉಪವಾಸವೇ ಬಸ್ಸು ಹತ್ತುತ್ತಿದ್ದರು. "ನನ್ನ ಕೈಯ ಅಡಿಗೆ ಬೇಡವಾಯ್ತಾ ಏನೋ" ಎಂದು ಸುಬ್ಬಮ್ಮ ಮುಚ್ಚಿದ ಪಾತ್ರೆಗಳ ಮುಂದೆ ಕುಳಿತು ಮರುಗುತ್ತಿದ್ದರು. ನಮ್ಮ ಮೇಲಿನ ಬೇಸರ ಇನ್ನೂ ಹೋಗಿಲ್ಲ ಎಂದು ಜುಲೈಕಾ ಎಣಿಸಿಕೊಂಡಿದ್ದಳು.

ಈ ವರ್ಷದ ಏಪ್ರಿಲ್‌ನಲ್ಲಿ ಅವರು ಕೊನೆಯ ತಪಾಸಣೆಗೆ ಬಂದರು. ಅಭಿನಂದನ ಗ್ರಂಥ ಬರುತ್ತದೆ, ಅದರಲ್ಲಿ ನಮ್ಮ ಘಟಕದ ಲೇಖನವೂ ಇರುತ್ತದೆ ಎಂದು ಶುಭಶ್ರೀ ಹೇಳಿದಳು. "ನಮ್ಮ ತಪ್ಪನ್ನು ನೀವು ಮೇಲೆ ಹಾಕಿಕೊಂಡಿರಲ್ಲ ಅಕ್ಕ, ಅದನ್ನೇ ಮುಖ್ಯ ಮಾಡಿ ಬರೀತೇವೆ."

ಅನಂತಮತಿಯವರು ಭೂತಗನ್ನಡಿಯನ್ನು ಕೆಳಗಿಟ್ಟರು. "ಆ ಪುಸ್ತಕ ತನ್ನಿ" ಎಂದರು.

ಮುಂಡಪ್ಪಣ್ಣ ಮೊಳೆಯಿಂದ ಹೇಳುವ ಪುಸ್ತಕವನ್ನು ಬಿಡಿಸಿ ತಂದರು. ಅನಂತಮತಿಯವರು ಹೊಸ ಪುಟ ತೆರೆದು, ಎಂಟು ವರ್ಷದ ಹಿಂದಿನ ತಾರೀಕು ಹಾಕಿ, ನಿಧಾನವಾಗಿ ಬರೆದರು. ಬರೆದು ಜುಲೈಕಾಳ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಓದು ಎಂದರು. ಅದು ಹೀಗಿದೆ:

"ಮೊದಲ ಕಟ್ಟಿನ ತಪಾಸಣೆ. ಸಂಜೆ ಸೂರ್ಯ ಇಳಿಯುತ್ತಿದ್ದ. ಎಲೆ ಹಾಕಿಯಾಗಿತ್ತು, ನನಗೆ ಹಸಿವಾಗಿತ್ತು. ಕನೆಕ್ಟರಿನ ಹತ್ತಿರದ ಕೊನೆಯ ಒಂದು ಗೇಣನ್ನು ನಾನು ಗಾಜಿನಲ್ಲಿ ನೋಡಲಿಲ್ಲ. ಈ ಕೈ ಚಂದದ ಕೈ, ತಪ್ಪಿರಲಿಕ್ಕಿಲ್ಲ ಎಂದುಕೊಂಡು ಮೊಹರು ಒತ್ತಿದೆ. ನೋಡಿದ್ದರೆ ಹೊಸ ದಾರದ ಮೇಣದ ಹೊಳಪು ಅಲ್ಲೇ ಕಾಣುತ್ತಿತ್ತು. ಸಂಸ್ಥೆಗೆ ಇದನ್ನು ಆಗಲೇ ಬರೆದು ಕೊಟ್ಟಿದ್ದೇನೆ. ನಿಮಗೆ ಹೇಳಿರಲಿಲ್ಲ. ನೀವು ಅದನ್ನು ನನ್ನ ದೊಡ್ಡತನ ಎಂದುಕೊಂಡಿರಿ, ನಾನು ಸುಮ್ಮನಿದ್ದೆ. ಇದು ಎರಡನೆಯ ತಪ್ಪು."

ಜುಲೈಕಾ ಕೊನೆಯ ಸಾಲಿನವರೆಗೂ ಓದಿದಳು. ನಳ್ಳಿಯ ಬಳಿ ಅವರು ಕಲ್ಲಿನ ಮೇಲೆ ಕುಳಿತುಬಿಟ್ಟದ್ದು ಯಾಕೆಂದು ಅವಳಿಗೆ ಎಂಟು ವರ್ಷಗಳ ಮೇಲೆ ತಿಳಿಯಿತು.

"ಇಷ್ಟು ವರ್ಷ ನಾನು ನಿಮ್ಮ ಋಣ ಹೊತ್ತೆ ಅಕ್ಕ" ಎಂದಳು.

"ಅದಕ್ಕೇ ಬರೆದದ್ದು. ಇಳಿಸು. ಹಣ್ಣು ಕಳಿಸುವುದಿದ್ದರೆ ಪ್ರೀತಿಗೆ ಕಳಿಸು." ಆಮೇಲೆ ಶುಭಶ್ರೀಯ ಕಡೆ ತಿರುಗಿ, "ನನ್ನ ಬಗ್ಗೆ ಬರೆಯುವುದಾದರೆ ಈ ಪುಟವನ್ನೂ ಹಾಕಬೇಕು. ಇಲ್ಲದಿದ್ದರೆ ಲೇಖನವೇ ಬೇಡ" ಎಂದರು.

ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಸುಬ್ಬಮ್ಮನಿಗೆ ಅಷ್ಟರಲ್ಲಿ ಬೇರೆಯೇ ಒಂದು ಲೆಕ್ಕ ಕೂಡಿಬಂದಿತ್ತು.

"ಹಾಗಾದ್ರೆ ಆಮೇಲೆಲ್ಲ ಉಪವಾಸ ಹೋದದ್ದು ಇದಕ್ಕಾ? ನನ್ನ ಅಡಿಗೆ ಸರಿ ಇಲ್ಲ ಅಂತ ಅಲ್ವಾ?"

"ನಿಮ್ಮ ಅಡಿಗೆ ಅಷ್ಟು ಚಂದ ಇದ್ದದ್ದೇ ತೊಂದರೆ ಸುಬ್ಬಮ್ಮ."

"ಒಂದು ಮಾತು ಹೇಳಿದ್ರೆ ನಾಲ್ಕು ಗಂಟೆಗೇ ಬಡಿಸ್ತಿದ್ದೆನಲ್ಲ ಮಾರಾಯ್ತಿ!"

ಪಾತುಮ್ಮ ಮೊದಲು ನಕ್ಕರು. ಆಮೇಲೆ ಎಲ್ಲರೂ. ದೊಡ್ಡ ಅಧಿಕಾರಿಯನ್ನು ಮಾರಾಯ್ತಿ ಎಂದು ಕರೆದೆನಲ್ಲ ಎಂದು ಸುಬ್ಬಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಅನಂತಮತಿಯವರು ನಗುತ್ತಲೇ ಕಣ್ಣು ಒರಸಿಕೊಂಡು, ಮುಂದೆ ಬಿಚ್ಚಿಟ್ಟಿದ್ದ ಕಟ್ಟಿನ ಕಡೆ ಬಾಗಿದರು. ಜುಲೈಕಾ ಭೂತಗನ್ನಡಿಯನ್ನು ಅವರ ಕೈಗಿಟ್ಟಳು.

"ಒಂದು ಗೇಣು ಉಳಿದಿದೆ ಅಕ್ಕ."

ಅವರು ಅದನ್ನು ಗಂಟು ಗಂಟಾಗಿ ನೋಡಿ ಮುಗಿಸಿದರು. ಕೊನೆಯ ಮೊಹರು ಒತ್ತಿದಾಗ ಕಿಟಕಿಯ ಹೊರಗೆ ಇನ್ನೂ ಬಿಸಿಲಿತ್ತು. ಅಂದು ಎಲೆ ಬಿದ್ದದ್ದು ನಾಲ್ಕೂವರೆಗೆ. ಎಂಟು ವರ್ಷದ ಹಸಿವನ್ನು ಒಂದೇ ದಿನ ತೀರಿಸುವವರಂತೆ ಸುಬ್ಬಮ್ಮ ಬಡಿಸಿದರು. ಹುಳಿಯನ್ನು ಮೂರು ಸಲ ಹಾಕಿಸಿಕೊಂಡೆ ಎಂದು ಅನಂತಮತಿಯವರು ಹೊರಡುವ ಮೊದಲು ಅದೇ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಹೋದರು.

ಅವರ ಮಾತಿಗೆ ನಡೆದು ಆ ಪುಟವನ್ನು ಇಲ್ಲಿ ಒಂದಕ್ಷರವೂ ಬಿಡದೆ ಹಾಕಿದ್ದೇವೆ. ಅವರು ತಪ್ಪೇ ಮಾಡದವರು ಎಂದು ಈ ಗ್ರಂಥದಲ್ಲಿ ಬರೆಯಲು ನಮಗೆ ಅವರೇ ದಾರಿ ಇಟ್ಟಿಲ್ಲ. ಹೇಳದೆ ಉಳಿಸಿದ ಒಂದನ್ನೂ ಹೇಳಿಯೇ ಹೋದವರು ಎಂದು ಬರೆಯಲು ಮಾತ್ರ ಧೈರ್ಯವುಂಟು. ಮೂಡುಬಿದಿರೆಯ ಮನೆಯಿಂದ ಇನ್ನು ಮುಂದೆ ಹೊಸ ಘಟಕಗಳ ಹೆಂಗಸರಿಗೆ ಪಾಠ ಹೇಳುತ್ತೇನೆ ಎಂದಿದ್ದಾರೆ. ಆ ಕೊರಳಿನ ಗಾಜಿಗೆ ಇನ್ನೂ ಹಲವು ದಾರಗಳು ಬದಲಾಗಲಿ. ಕಣ್ಣು ಹೀಗೆಯೇ ಚುರುಕಾಗಿರಲಿ, ಕಾಲುಗಳಿಗೆ ವೇಣೂರಿನ ಬಸ್ಸು ಹತ್ತುವ ಬಲವಿರಲಿ, ನೂರು ವರ್ಷದ ಸಂಜೆಗಳೂ ಅವರಿಗೆ ಹೊಟ್ಟೆ ತುಂಬಿದ ಸಂಜೆಗಳಾಗಲಿ. ಲಾಯಿಲದಲ್ಲಿ ಅವರ ಎಲೆ ಇನ್ನು ಯಾವತ್ತೂ ನಾಲ್ಕು ಗಂಟೆಗೇ ಹಾಕಿರುತ್ತದೆ.